ಯಾರನ್ನು ಕೇಳಬೇಕು? – ಮಕ್ಕಳಿಗೊಂದು ಗ್ರಾಮ ಪಂಚಾಯಿತಿಯ ಪಾಠ

ಕನ್ನಡ ಪಂಡಿತನಾದವನು ವ್ಯಾಕರಣವನ್ನೋ ಛಂದಸ್ಸನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ಬರೆಯುವುದು ವಾಡಿಕೆ. ಹಾಗಿದ್ದೂ ಈ ಸಂಚಿಕೆಗೆ ಗ್ರಾಮ ಪಂಚಾಯಿತಿಯನ್ನು ನಾನು ವಿಷಯವನ್ನಾಗಿ ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಸಮಾಜ ವಿಜ್ಞಾನದ ಅಧ್ಯಾಪಕರು ರಜೆಯ ಮೇಲಿದ್ದಾಗ ಅವರ ತರಗತಿಯೊಂದು ನನ್ನ ಪಾಲಿಗೆ ಬಂದಿತು. ಪಾಠ ‘ನಮ್ಮ ಗ್ರಾಮ ಪಂಚಾಯಿತಿ’. ಪುಸ್ತಕದಲ್ಲಿದ್ದುದನ್ನು ಓದಿಸಿದೆ, ಪ್ರಶ್ನೋತ್ತರಗಳನ್ನು ಬರೆಯಿಸಿದೆ, ಮಕ್ಕಳು ಶುದ್ಧವಾದ ಅಕ್ಷರಗಳಲ್ಲಿ ಬರೆದುಕೊಂಡರು. ಗಂಟೆ ಹೊಡೆಯುವುದಕ್ಕೆ ಮುಂಚೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಗುರುಗಳೇ, ನಮ್ಮ ಬೀದಿಯ ನಲ್ಲಿಯಲ್ಲಿ ಎಂಟು ದಿನದಿಂದ ನೀರು ಬಂದಿಲ್ಲ. ಯಾರನ್ನು ಕೇಳಬೇಕು?” ಎಂದ.

ನನಗೆ ಉತ್ತರ ತಿಳಿದಿರಲಿಲ್ಲ. ಪಂಚಾಯಿತಿಯ ವಿಷಯವಾಗಿ ಒಂದು ಗಂಟೆ ಮಾತನಾಡಿದವನು, ನೀರು ಬಾರದಿದ್ದರೆ ಯಾರನ್ನು ಕೇಳಬೇಕೆಂಬ ಒಂದು ಮಾತಿಗೆ ತಡವರಿಸಿದೆ. “ನಿಮ್ಮ ತಂದೆಯವರನ್ನು ಕೇಳಪ್ಪ” ಎಂದು ಹೇಳಿ ಜಾರಿಕೊಂಡೆ. ಆ ದಿನದ ಸಂಕೋಚವೇ ಈ ಲೇಖನಕ್ಕೆ ಮೂಲ. ಆ ಬಳಿಕ ಕೇಳಿ, ಕಂಡು, ಓದಿ ತಿಳಿದುಕೊಂಡುದನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂದು ನನಗೆ ತೋರಿದೆಯೋ ಹಾಗೆ ಇಲ್ಲಿ ನಿರೂಪಿಸಿದ್ದೇನೆ.

ಹಿಂದೆ ಇದ್ದುದು

ಮೊದಲು ಮಕ್ಕಳಿಗೆ ಹೇಳಬೇಕಾದುದು, ಊರು ತನ್ನ ಕೆಲಸವನ್ನು ತಾನೇ ನೋಡಿಕೊಳ್ಳುವುದು ನಮ್ಮ ನಾಡಿಗೆ ಹೊಸತಲ್ಲವೆಂಬುದು. ನಮ್ಮ ಶಾಸನಗಳಲ್ಲಿ ‘ಗಾವುಂಡ’, ‘ಸೇನಬೋವ’, ‘ಮಹಾಜನ’ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಗಾವುಂಡನೇ ಇಂದಿನ ಗೌಡ, ಸೇನಬೋವನೇ ಶ್ಯಾನುಭೋಗ. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ಕಾಪಾಡುವವನಿಗೂ ಬಿಟ್ಟುಕೊಟ್ಟ ಭೂಮಿಗೆ ‘ಬಿತ್ತುವಟ್ಟ’ವೆಂದೂ ‘ಕೆರೆಗೊಡಗೆ’ಯೆಂದೂ ಹೆಸರಿತ್ತು. ಕೆರೆ ಊರಿನದು, ಅದರ ರಕ್ಷಣೆಗೆ ಹಣ ಎಲ್ಲಿಂದ ಬರಬೇಕೆಂಬುದನ್ನೂ ಊರೇ ಗೊತ್ತುಮಾಡಬೇಕು ಎಂಬ ವಿವೇಕ ಆ ಪದಗಳಲ್ಲಿ ಅಡಗಿದೆ. ಹೊಯ್ಸಳರ ಕಾಲದ ಅಗ್ರಹಾರವಾಗಿದ್ದ ತುರುವೇಕೆರೆಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರು, ದೇವಾಲಯದ ಶಿಲ್ಪವನ್ನು ತೋರಿಸುವುದರ ಜೊತೆಗೆ ಈ ಮಾತನ್ನೂ ಹೇಳಬಹುದು.

ಆದರೆ ಹಿಂದಿನದೆಲ್ಲವೂ ಒಳ್ಳೆಯದಾಗಿತ್ತೆಂದು ಹೇಳಿ ಮಕ್ಕಳನ್ನು ತಪ್ಪುದಾರಿಗೆ ಎಳೆಯಬಾರದು. ಗೌಡನ ಮಗ ಗೌಡನಾಗುತ್ತಿದ್ದ. ತಳವಾರನ ಮಗ ತಳವಾರನಾಗುತ್ತಿದ್ದ. ನೀರುಗಂಟಿ, ತೋಟಿಗಳಿಗೆ ಕಣದಲ್ಲಿ ಕೊಡುವ ಆಯವೇ ಜೀವನ. ಚಾವಡಿಯ ಜಗಲಿಯ ಮೇಲೆ ಯಾರು ಕೂಡಬೇಕು, ಕೆಳಗೆ ಯಾರು ನಿಲ್ಲಬೇಕು ಎಂಬುದು ಹುಟ್ಟಿನಿಂದಲೇ ನಿಶ್ಚಯವಾಗಿತ್ತು. ಹೆಂಗಸರಿಗೆ ಅಲ್ಲಿ ಮಾತಿರಲಿಲ್ಲ. ಹೊಲಗೇರಿಯವರ ನೀರಿನ ಕಷ್ಟ ಚಾವಡಿಯನ್ನು ಮುಟ್ಟುವುದು ಮೇಲೆ ಕುಳಿತವರ ದಯೆಗೆ ಬಿಟ್ಟ ಸಂಗತಿಯಾಗಿತ್ತು. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯೊಂದು ರದ್ದುಗೊಳಿಸಿತು. ಇಂದಿನ ಪಂಚಾಯಿತಿಯಲ್ಲಿ ಹುದ್ದೆ ಹುಟ್ಟಿನಿಂದ ಬರುವುದಿಲ್ಲ, ಮತದಿಂದ ಬರುತ್ತದೆ. ಈ ಒಂದು ವ್ಯತ್ಯಾಸ ಮಕ್ಕಳ ಮನಸ್ಸಿನಲ್ಲಿ ನಿಂತರೆ ಪಾಠದ ಅರ್ಧ ಮುಗಿದಂತೆ.

ಇಂದಿನ ಪಂಚಾಯಿತಿ ಬಂದ ದಾರಿ

1950ರಲ್ಲಿ ಜಾರಿಗೆ ಬಂದ ಸಂವಿಧಾನದ 40ನೆಯ ವಿಧಿ ಗ್ರಾಮ ಪಂಚಾಯಿತಿಗಳನ್ನು ರಚಿಸಬೇಕೆಂದು ರಾಜ್ಯಗಳಿಗೆ ನಿರ್ದೇಶ ನೀಡಿತು. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಮೂರು ಹಂತಗಳ ವ್ಯವಸ್ಥೆಯನ್ನು ಸೂಚಿಸಿತು. ನಮ್ಮಲ್ಲಿ 1959ರ ಕಾಯ್ದೆ, ಅನಂತರ 1983ರ ಕಾಯ್ದೆ ಬಂದವು. ಈ ಎರಡನೆಯದು ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದಾಗ, ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಶ್ರೀ ಅಬ್ದುಲ್ ನಜೀರ್ ಸಾಬರ ಶ್ರಮದ ಫಲ. ಹಳ್ಳಿ ಹಳ್ಳಿಗೆ ಕೊಳವೆ ಬಾವಿ ತೋಡಿಸಿದುದರಿಂದ ‘ನೀರು ಸಾಬ್’ ಎಂದೇ ಹೆಸರಾದವರು ಅವರು. ಆ ಕಾಯ್ದೆಯಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಮಂಡಲ ಪಂಚಾಯಿತಿಗಳ ಸ್ಥಾನಗಳಲ್ಲಿ ಶೇಕಡಾ 25ನ್ನು ಮಹಿಳೆಯರಿಗೆ ಮೀಸಲಿಡಲಾಯಿತು.

ಬಳಿಕ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷದ ಕರ್ನಾಟಕದ ಕಾಯ್ದೆಯೇ, ಮುಂದೆ ಹಲವು ತಿದ್ದುಪಡಿಗಳನ್ನು ಹೊಂದಿ, ‘ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ’ ಎಂಬ ಹೆಸರನ್ನು ಪಡೆದಿದೆ. ಗ್ರಾಮ, ತಾಲ್ಲೂಕು, ಜಿಲ್ಲೆ ಎಂದು ಮೂರು ಹಂತಗಳು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಕುಡಿಯುವ ನೀರು, ರಸ್ತೆ, ಶಾಲೆ, ಗ್ರಂಥಾಲಯ, ಸಂತೆ, ಜಾತ್ರೆ ಮೊದಲಾದ 29 ವಿಷಯಗಳನ್ನು ಪಂಚಾಯಿತಿಗಳ ಪಾಲಿಗೆಂದು ಎಣಿಸಲಾಗಿದೆ. ಮಕ್ಕಳಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಹಿಂದೆ ಸರ್ಕಾರ ಮನಸ್ಸು ಮಾಡಿದರೆ ಇರುತ್ತಿದ್ದ ಪಂಚಾಯಿತಿ ಈಗ ಸಂವಿಧಾನದ ಬಲದಿಂದ ನಿಂತಿದೆ ಎಂಬ ತಾತ್ಪರ್ಯವನ್ನು ತಿಳಿಸಿದರೆ ಸಾಕು. ಬಲವಿದ್ದ ಮಾತ್ರಕ್ಕೆ ಎಲ್ಲವೂ ತಾನಾಗಿ ನಡೆಯುವುದಿಲ್ಲ. 2016ರಲ್ಲಿ ಆಯ್ಕೆಯಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋದುದನ್ನು ನಾವೆಲ್ಲರೂ ಕಂಡಿದ್ದೇವೆ.

ಸಭೆ ಮತ್ತು ಕಚೇರಿ

ಒಂದು ಗ್ರಾಮ ಪಂಚಾಯಿತಿಯೆಂದರೆ ಒಂದೇ ಊರಲ್ಲ. ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನಸಂಖ್ಯೆಯ ಕೆಲವು ಹಳ್ಳಿಗಳ ಗುಂಪು ಅದು. ಪ್ರತಿ 400 ಜನರಿಗೆ ಒಬ್ಬ ಸದಸ್ಯನೆಂಬುದು ಲೆಕ್ಕ. ಆರು ಸಾವಿರ ಜನರಿರುವ ಪಂಚಾಯಿತಿಗೆ ಎಷ್ಟು ಸದಸ್ಯರು? ಹದಿನೈದು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬೇಕು. ಆಗ ತಮ್ಮ ತಮ್ಮ ಊರಿಗೆ ಎಷ್ಟು ಸದಸ್ಯರೆಂಬ ಕುತೂಹಲ ತಾನಾಗಿ ಹುಟ್ಟುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಹಿಂದುಳಿದ ವರ್ಗಗಳಿಗೂ ಸ್ಥಾನಗಳು ಮೀಸಲಾಗಿವೆ. 2010ರ ತಿದ್ದುಪಡಿಯ ಬಳಿಕ ಅರ್ಧದಷ್ಟು ಸ್ಥಾನಗಳು ಮಹಿಳೆಯರವು. ಹದಿನೆಂಟು ತುಂಬಿದವರು ಮತ ನೀಡಬಹುದು; ಇಪ್ಪತ್ತೊಂದು ತುಂಬಿದವರು ಸ್ಪರ್ಧಿಸಬಹುದು. ಗ್ರಾಮ ಪಂಚಾಯಿತಿಯ ಚುನಾವಣೆ ರಾಜಕೀಯ ಪಕ್ಷಗಳ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಊರಿನ ಕೆಲಸಕ್ಕೆ ಊರಿನ ಮನುಷ್ಯರು ಸಾಕು, ಪಕ್ಷ ಬೇಡ ಎಂಬುದು ಕಾನೂನಿನ ಆಶಯ. ಆ ಆಶಯ ಎಷ್ಟರ ಮಟ್ಟಿಗೆ ನೆರವೇರಿದೆಯೆಂಬುದನ್ನು 2020ರ ಡಿಸೆಂಬರಿನ ಚುನಾವಣೆಯನ್ನು ಕಂಡ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಗೆದ್ದ ಸದಸ್ಯರು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿಯೂ ಇನ್ನೊಬ್ಬರನ್ನು ಉಪಾಧ್ಯಕ್ಷರನ್ನಾಗಿಯೂ ಆರಿಸಿಕೊಳ್ಳುತ್ತಾರೆ. ಇವರು ಜನರಿಂದ ಬಂದವರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮತ್ತು ಕಾರ್ಯದರ್ಶಿ ಸರ್ಕಾರದಿಂದ ನೇಮಕಗೊಂಡವರು. ಇವರ ಜೊತೆಗೆ ಕರ ವಸೂಲಿಗಾರ, ನೀರುಗಂಟಿ, ಜವಾನ ಇರುತ್ತಾರೆ. ಸಭೆ ತೀರ್ಮಾನಿಸುತ್ತದೆ, ಕಚೇರಿ ನೆರವೇರಿಸುತ್ತದೆ. ಹಣ ಹೊರಗೆ ಹೋಗಬೇಕಾದರೆ ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಯ ಒಪ್ಪಿಗೆ ಎರಡೂ ಬೇಕು. ಒಂದು ಪೆಟ್ಟಿಗೆಗೆ ಎರಡು ಬೀಗ ಹಾಕಿ, ಬೀಗದ ಕೈಗಳನ್ನು ಇಬ್ಬರ ಬಳಿ ಇಟ್ಟಂತೆ ಎಂದು ಮಕ್ಕಳಿಗೆ ಹೇಳಿದರೆ ಕೂಡಲೇ ತಿಳಿಯುತ್ತದೆ.

ಇಲ್ಲಿ ಪಂಡಿತನಾದ ನನಗೆ ಪ್ರಿಯವಾದ ಒಂದು ಸಂಗತಿಯುಂಟು. ಸಭೆಯ ಮಾತು ಮಾತಾಗಿ ಉಳಿದರೆ ಅದಕ್ಕೆ ಬೆಲೆಯಿಲ್ಲ. ಅದು ‘ನಡವಳಿ’ ಪುಸ್ತಕದಲ್ಲಿ ಬರಹವಾಗಬೇಕು. ಮೊದಲು ಸಭೆಯ ತಿಳಿವಳಿಕೆ ಪತ್ರ, ಬಳಿಕ ಕಾರ್ಯಸೂಚಿ, ಚರ್ಚೆ, ಬಹುಮತ, ಠರಾವು, ಸಹಿ: ಇದು ಕ್ರಮ. ನಡವಳಿಯಲ್ಲಿ ಇಲ್ಲದ ಮಾತು ಆಡಿಯೇ ಇಲ್ಲವೆಂದು ಲೆಕ್ಕ. ಶಾಸನವನ್ನು ಕಲ್ಲಿನಲ್ಲಿ ಕಂಡರಿಸಿದ ನಮ್ಮ ಹಿರಿಯರಿಗೆ ಈ ಮಾತು ಚೆನ್ನಾಗಿ ತಿಳಿದಿತ್ತು. ಇಂದು ಪಂಚಾಯಿತಿಯ ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಏರಿವೆ. ಆ ತಂತ್ರಾಂಶಕ್ಕೆ ಇಟ್ಟ ಹೆಸರು ‘ಪಂಚತಂತ್ರ’. ದುರ್ಗಸಿಂಹನನ್ನು ಪಾಠ ಮಾಡುವವನಿಗೆ ಈ ಹೆಸರು ಕೇಳಿ ನಗು ಬಂದರೂ, ನೀತಿಯ ಗ್ರಂಥದ ಹೆಸರನ್ನು ಲೆಕ್ಕದ ಪುಸ್ತಕಕ್ಕೆ ಇಟ್ಟುದು ಅನುಚಿತವೆನಿಸಲಿಲ್ಲ.

ಹಣವೆಲ್ಲಿಂದ? ಮನೆ, ಅಂಗಡಿ, ನಿವೇಶನಗಳ ಕಂದಾಯ, ನೀರಿನ ಶುಲ್ಕ, ಪರವಾನಗಿ ಶುಲ್ಕ, ಸಂತೆಯ ಶುಲ್ಕ – ಇವು ಪಂಚಾಯಿತಿಯ ಸ್ವಂತ ದುಡಿಮೆ. ಹಣಕಾಸು ಆಯೋಗದ ಮತ್ತು ರಾಜ್ಯ ಸರ್ಕಾರದ ಅನುದಾನಗಳು ಮೇಲಿನಿಂದ ಬರುತ್ತವೆ. ಬಂದ ಹಣದಲ್ಲಿ ಬೀದಿ ದೀಪಗಳ ಮತ್ತು ನೀರೆತ್ತುವ ಪಂಪುಗಳ ವಿದ್ಯುತ್ ಬಿಲ್ಲಿಗೇ ದೊಡ್ಡ ಪಾಲು ಹೋಗುತ್ತದೆ. ಮೇಲಿನಿಂದ ಬರುವ ಹಣಕ್ಕೆ ಬಹುಮಟ್ಟಿಗೆ ಮೇಲಿನವರ ನಿಬಂಧನೆಯಿರುತ್ತದೆ. ಊರಿನ ಹಣವಾದರೆ ಊರಿನ ಅಗತ್ಯಕ್ಕೆ ಒದಗುತ್ತದೆ. ಆದುದರಿಂದ ಮನೆಯ ಕಂದಾಯವನ್ನು ಕಟ್ಟುವವನೇ ಪಂಚಾಯಿತಿಯನ್ನು ಗಟ್ಟಿಯಾಗಿ ಪ್ರಶ್ನಿಸಬಲ್ಲ.

ಯಾವ ಬಾಗಿಲು ಯಾವುದಕ್ಕೆ?

ನಮ್ಮ ಜನ ಅಲೆದಾಡುವುದು ಹೆಚ್ಚಾಗಿ ಬಾಗಿಲು ತಪ್ಪಿದುದರಿಂದ. ಹಾಗಾಗಿ ನಮ್ಮ ಸೀಮೆಯ ದಿನನಿತ್ಯದ ಸಂಗತಿಗಳಿಂದಲೇ ಮಕ್ಕಳಿಗೆ ಈ ಭೇದವನ್ನು ಕಲಿಸಬೇಕು. ಊರೊಳಗಿನ ಮನೆಯ ಖಾತೆಗೆ ಪಂಚಾಯಿತಿ ಕಚೇರಿ. ತೆಂಗಿನ ತೋಟದ ಪಹಣಿಗೆ ಕಂದಾಯ ಇಲಾಖೆ. ತೋಟದ ಭೂಕಂದಾಯ ಗ್ರಾಮ ಆಡಳಿತ ಅಧಿಕಾರಿಯ ಲೆಕ್ಕಕ್ಕೆ ಸೇರಿದುದು, ಪಂಚಾಯಿತಿಗಲ್ಲ. ಜಾತಿ, ಆದಾಯದ ಪ್ರಮಾಣಪತ್ರಗಳು ನಾಡಕಚೇರಿಯವು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆಯಾದ ಕೊಬ್ಬರಿಯ ಹರಾಜು, ತೂಕಗಳ ತಕರಾರಿಗೆ ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ. ಕಂಬದ ತಂತಿ ಹರಿದರೆ ಬೆಸ್ಕಾಂ; ಕಂಬದ ಮೇಲಿನ ದೀಪ ಉರಿಯದಿದ್ದರೆ ಪಂಚಾಯಿತಿ.

ಕೆರೆಯಲ್ಲಿಯೂ ಇಂಥದೇ ಭೇದವಿದೆ. ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಸಣ್ಣ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಹೊಣೆ. ದೊಡ್ಡವು ಸಣ್ಣ ನೀರಾವರಿ ಇಲಾಖೆಯವು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮಕ್ಕಳಿಗೆ ಇದು ಬರಿಯ ಮಾಹಿತಿಯಲ್ಲ. ಮಳೆ ತಪ್ಪಿದ ವರ್ಷಗಳಲ್ಲಿ ಕೊಳವೆ ಬಾವಿಗಳು ಬತ್ತಿ, ಗರಿ ಜೋತುಬಿದ್ದು, ಸುಳಿ ಒಣಗಿದ ಮರಗಳನ್ನು ಅವರು ತಮ್ಮ ತೋಟಗಳಲ್ಲಿಯೇ ಕಂಡಿದ್ದಾರೆ. ಊರ ಕಟ್ಟೆಗೆ ನೀರು ತರುವ ಹಳ್ಳ ಮುಚ್ಚಿಹೋದರೆ ತಾತ ನೆಟ್ಟ ತೆಂಗು ಮೊಮ್ಮಗನ ಕಾಲಕ್ಕೆ ಉಳಿಯುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಡಿಯಲ್ಲಿ ಕೂಲಿಯ ಕೆಲಸವನ್ನು ಕೊಟ್ಟು ಕಟ್ಟೆ ಕುಂಟೆಗಳ ಹೂಳನ್ನು ತೆಗೆಸಿದ ಪಂಚಾಯಿತಿಗಳುಂಟು. ಹೂಳನ್ನು ಎಲ್ಲಿ ತೆಗೆಯಬೇಕು, ಯಾವ ಕಟ್ಟೆ ಮೊದಲು ಎಂಬುದನ್ನು ಗೊತ್ತುಮಾಡುವ ಸ್ಥಳ ಯಾವುದು? ಅದೇ ಗ್ರಾಮಸಭೆ.

ಗ್ರಾಮಸಭೆ ಎಂಬ ಮನೆ

ಗ್ರಾಮ ಪಂಚಾಯಿತಿ ಬೇರೆ, ಗ್ರಾಮಸಭೆ ಬೇರೆ. ಹೆಸರು ಒಂದೇ ಬಗೆಯಾಗಿರುವುದರಿಂದ ದೊಡ್ಡವರೂ ಗೊಂದಲಕ್ಕೆ ಒಳಗಾಗುತ್ತಾರೆ. ಪಂಚಾಯಿತಿಯೆಂದರೆ ಚುನಾಯಿತರಾದ ಕೆಲವರು. ಗ್ರಾಮಸಭೆಯೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ. ಪಂಚಾಯಿತಿಯ ಸದಸ್ಯತ್ವ ಐದು ವರ್ಷಕ್ಕೆ ಮುಗಿಯುತ್ತದೆ; ಗ್ರಾಮಸಭೆಯ ಸದಸ್ಯತ್ವ ಊರಿನ ಮತದಾರನಾಗಿರುವವರೆಗೂ ಇರುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಅದಕ್ಕೆ ಮುಂಚೆ ವಾರ್ಡ್ ಸಭೆಗಳು ಸೇರಿ ಬೇಡಿಕೆಗಳನ್ನು ಪಟ್ಟಿ ಮಾಡಬೇಕು. ವಸತಿ ಯೋಜನೆಯ ಮನೆ ಯಾರಿಗೆ, ಮುಂದಿನ ವರ್ಷದ ಕಾಮಗಾರಿ ಯಾವುದು, ಹಿಂದಿನ ವರ್ಷದ ಹಣ ಹೇಗೆ ಖರ್ಚಾಯಿತು ಎಂಬುದನ್ನೆಲ್ಲ ಅಲ್ಲಿ ಕೇಳಬಹುದು.

ಹೀಗಿದ್ದರೂ ಗ್ರಾಮಸಭೆಯ ಡಂಗುರ ಕೇಳಿದೊಡನೆ ಹೊರಟು ಬರುವವರು ಎಷ್ಟು ಮಂದಿ? ಫಲಾನುಭವಿಗಳ ಆಯ್ಕೆಯಿದ್ದ ದಿನ ಶಾಮಿಯಾನ ತುಂಬುತ್ತದೆ. ಲೆಕ್ಕಪತ್ರ ಓದುವ ದಿನ ಕುರ್ಚಿಗಳು ಖಾಲಿ. ಓದು ಬಲ್ಲವರು, ಅನುಕೂಲಸ್ಥರು ‘ಅಲ್ಲಿ ಬರಿಯ ಗದ್ದಲ’ ಎಂದು ದೂರ ಉಳಿಯುತ್ತಾರೆ. ಅವರು ದೂರ ಉಳಿದುದರಿಂದಲೇ ಅಲ್ಲಿ ಗದ್ದಲವಾಗುತ್ತದೆಯೆಂಬುದನ್ನು ಅವರು ಎಣಿಸುವುದಿಲ್ಲ. ‘ಊರು ಉಪಕಾರ ಅರಿಯದು’ ಎಂಬ ಗಾದೆ ಅವರಿಗೆ ಒಂದು ನೆಪ. ಊರಿನ ಕೆಲಸ ಉಪಕಾರವಲ್ಲ, ತನ್ನದೇ ಮನೆಗೆಲಸ ಎಂದು ತಿಳಿದವನಿಗೆ ಆ ಗಾದೆಯ ಅಗತ್ಯವೇ ಬೀಳುವುದಿಲ್ಲ.

ಮತವಿಲ್ಲದ ಮಕ್ಕಳಿಗೂ ಒಂದು ಸಭೆಯನ್ನು ನಮ್ಮ ರಾಜ್ಯ ಏರ್ಪಡಿಸಿದೆ. 2006ರಿಂದ ಈಚೆಗೆ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ‘ಮಕ್ಕಳ ಗ್ರಾಮಸಭೆ’ಯನ್ನು ನಡೆಸಬೇಕೆಂದು ಸರ್ಕಾರದ ಸೂಚನೆಯಿದೆ. ಮೇಲೆ ಹೇಳಿದ ತರಗತಿಯ ಘಟನೆಯ ಮುಂದಿನ ವರ್ಷ ಅಂಥದೊಂದು ಸಭೆಗೆ ನಾನು ಮಕ್ಕಳೊಡನೆ ಹೋದೆ. ನಮ್ಮ ಶಾಲೆಗೆ ತೋಟಗಳ ನಡುವಿನ ದಾರಿಯಿಂದ ಬರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, “ಸಂಜೆ ವಿಶೇಷ ತರಗತಿ ಮುಗಿಸಿ ಹೋಗುವಾಗ ಕತ್ತಲಾಗಿರುತ್ತದೆ, ನಮ್ಮ ದಾರಿಯಲ್ಲಿ ದೀಪ ಉರಿಯುವುದಿಲ್ಲ” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿಯೇ ಮುಗಿಯಿತು. ಮೂರು ತಿಂಗಳಾದರೂ ದೀಪ ಉರಿಯಲಿಲ್ಲ. ವಿಚಾರಿಸಿದಾಗ ತಿಳಿದುದೇನೆಂದರೆ, ಅವಳ ಮಾತನ್ನು ನಡವಳಿಯಲ್ಲಿ ಯಾರೂ ಬರೆದಿರಲಿಲ್ಲ.

ಆಗ ನನ್ನ ಕೆಲಸ ನನಗೆ ತೋರಿತು. ಪತ್ರಲೇಖನ ಕಲಿಸುವುದು ಕನ್ನಡ ಅಧ್ಯಾಪಕನ ಕರ್ತವ್ಯವಷ್ಟೆ. ಮೂವತ್ತು ವರ್ಷಗಳಿಂದ ‘ಪ್ರವಾಸದ ವರ್ಣನೆ ಮಾಡಿ ಗೆಳೆಯನಿಗೆ ಪತ್ರ’ ಬರೆಯಿಸಿದವನು ಆ ವಾರ ನಿಜವಾದ ಅರ್ಜಿಯನ್ನು ಬರೆಯಿಸಿದೆ. ಯಾರಿಗೆ, ಯಾರಿಂದ, ಯಾವ ದಾರಿ, ಎಷ್ಟು ಕಂಬ, ಕಂಬದ ಸಂಖ್ಯೆಗಳೇನು, ಎಂದಿನಿಂದ ದೀಪವಿಲ್ಲ, ಅದರಿಂದ ಯಾರಿಗೆ ತೊಂದರೆ ಎಂಬುದನ್ನು ಒಂದು ಪುಟಕ್ಕೆ ಮೀರದಂತೆ ಬರೆದರು. ಮಕ್ಕಳೇ ಹೋಗಿ ಕಂಬಗಳನ್ನು ಎಣಿಸಿಕೊಂಡು ಬಂದರು. ಪೋಷಕರ ಸಹಿಯೊಡನೆ ಅರ್ಜಿಯನ್ನು ಕೊಟ್ಟು ಸ್ವೀಕೃತಿಯನ್ನು ಪಡೆದರು. ಸ್ವೀಕೃತಿ ಕೊಡಲು ಮೊದಲು ಒಪ್ಪಲಿಲ್ಲವಂತೆ. ಆ ಹುಡುಗಿ “ಕೊಡುವವರೆಗೂ ಇಲ್ಲೇ ಕೂತಿರುತ್ತೇವೆ ಅಣ್ಣ” ಎಂದು ಬೆಂಚಿನ ಮೇಲೆ ಕುಳಿತಳಂತೆ. ವಾರ್ಡಿನ ಸದಸ್ಯೆಯಾಗಿದ್ದ ಹೆಣ್ಣುಮಗಳು ಆ ಅರ್ಜಿಯನ್ನು ಸಭೆಯ ಕಾರ್ಯಸೂಚಿಗೆ ಸೇರಿಸಿದರು. ಬೇಸಿಗೆ ರಜೆ ಕಳೆದು ಶಾಲೆ ಆರಂಭವಾಗುವ ಹೊತ್ತಿಗೆ ಏಳು ಕಂಬಗಳಲ್ಲಿ ಐದಕ್ಕೆ ದೀಪ ಬಂದಿತ್ತು.

ಐದೇ ಬಂದವಲ್ಲ ಎಂದು ನಾನು ಕೊರಗಿದೆ. ಮಕ್ಕಳು ಕೊರಗಲಿಲ್ಲ, ಉಳಿದ ಎರಡಕ್ಕೆ ಇನ್ನೊಂದು ಅರ್ಜಿ ಬರೆದರು. ಮಳೆಗಾಲದಲ್ಲಿ ಉರಿಯುತ್ತಿದ್ದ ದೀಪಗಳಲ್ಲಿ ಒಂದು ಕೆಟ್ಟಾಗ ನನ್ನನ್ನು ಕೇಳಲೂ ಇಲ್ಲ, ಹಳೆಯ ಅರ್ಜಿಯ ಪ್ರತಿಯನ್ನು ನೋಡಿಕೊಂಡು ಅವರೇ ಬರೆದರು. ಆ ದಿನ ನನಗಾದ ಸಂತೋಷ ಯಾವ ಪರೀಕ್ಷೆಯ ಫಲಿತಾಂಶದಿಂದಲೂ ಆಗಿರಲಿಲ್ಲ.

ನಮ್ಮ ಪಾಲು

ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟು. ಈ ಪಾಠವನ್ನು ತರಗತಿಯಲ್ಲಿ ಅರ್ಧ ಮಾಡಿ, ಉಳಿದರ್ಧವನ್ನು ಪಂಚಾಯಿತಿಯ ಕಚೇರಿಯಲ್ಲಿ ಮಾಡಿರಿ. ಗೋಡೆಯ ಮೇಲಿನ ಕಾಮಗಾರಿಗಳ ಪಟ್ಟಿಯನ್ನು ಮಕ್ಕಳಿಂದ ಓದಿಸಿರಿ. ಪಂಚಾಯಿತಿಯ ಗ್ರಂಥಾಲಯ ಈಗ ‘ಅರಿವು ಕೇಂದ್ರ’ವಾಗಿದೆ; 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಮಗು ಪಂಚಾಯಿತಿಯ ಹೊಸ್ತಿಲನ್ನು ಮೊದಲ ಬಾರಿ ಪುಸ್ತಕಕ್ಕಾಗಿ ದಾಟಿದರೆ, ಮುಂದೆ ಲೆಕ್ಕ ಕೇಳುವುದಕ್ಕಾಗಿ ದಾಟಲು ಅಂಜುವುದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಊರಿನಲ್ಲಿ ಪೂರ್ವಿಕರ ಮನೆಯಿದೆ. ಹಬ್ಬಕ್ಕೆ, ಜಾತ್ರೆಗೆ ಬಂದು ಬೀಗ ತೆಗೆಯುತ್ತಾರೆ. ಆ ಮನೆಯ ಕಂದಾಯದ ರಸೀದಿಯನ್ನು ಅವರು ಒಮ್ಮೆ ಹುಡುಕಿ ನೋಡಲಿ. ಎಷ್ಟೋ ವರ್ಷದ ಬಾಕಿಯಿದ್ದರೆ ಅದನ್ನು ಕಟ್ಟುವುದೂ ಊರಿಗೆ ಮಾಡುವ ಒಂದು ದಾನವೇ. ಅದಕ್ಕೆ ಕಲ್ಲಿನ ಫಲಕವಿರುವುದಿಲ್ಲವಷ್ಟೆ. ದಾನಿಗಳು ಶಾಲೆಗೆ ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದಾರೆ. ಅವರ ಔದಾರ್ಯದಿಂದ ನಾವು ನೆರಳಿನಲ್ಲಿ ಕುಳಿತಿದ್ದೇವೆ. ಆ ಕೊಠಡಿಯಲ್ಲಿ ಕಲಿತ ಮಗು ತನ್ನ ಊರಿನ ಸಭೆಯಲ್ಲಿ ಎದ್ದುನಿಂತು ವಿನಯದಿಂದಲೂ ಧೈರ್ಯದಿಂದಲೂ ಎರಡು ಮಾತನ್ನಾಡಿದರೆ ಅವರ ದ್ರವ್ಯ ಸಾರ್ಥಕವಾದಂತೆಯೇ.

ನಮ್ಮ ಸೀಮೆಯ ಎತ್ತರದ ತಳಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಅಷ್ಟು ಕಾಲ ನೀರೆರೆದು ಕಾಯುವುದು ನಮ್ಮ ರೈತರಿಗೆ ಅಭ್ಯಾಸವಾಗಿದೆ. ಇಂದು ಆರನೆಯ, ಏಳನೆಯ ತರಗತಿಯಲ್ಲಿರುವ ಮಗು ಮತದಾರನಾಗಲೂ ಅಷ್ಟೇ ವರ್ಷ ಬೇಕು. ಆ ಅವಧಿಯಲ್ಲಿ ಅದಕ್ಕೆ ಏನನ್ನು ಎರೆದೆವೆಂಬುದರ ಮೇಲೆ ಮುಂದಿನ ಗ್ರಾಮಸಭೆಯ ಫಸಲು ನಿಂತಿದೆ.

ನೀರಿನ ಪ್ರಶ್ನೆ ಕೇಳಿದ ಹುಡುಗ ಈಗ ಶಾಲೆಯನ್ನು ಬಿಟ್ಟು ಮುಂದಿನ ಓದಿಗೆ ಹೋಗಿದ್ದಾನೆ. ಅಂದು ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ: “ಮೊದಲು ನೀರುಗಂಟಿಯನ್ನು ಕೇಳು. ಆಗದಿದ್ದರೆ ನಿನ್ನ ವಾರ್ಡಿನ ಸದಸ್ಯರನ್ನು ಕೇಳು. ಆಮೇಲೆ ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಬರೆದು ಸ್ವೀಕೃತಿ ತೆಗೆದುಕೊ. ಅಲ್ಲಿಯೂ ಆಗದಿದ್ದರೆ ಗ್ರಾಮಸಭೆಯಲ್ಲಿ ನಿಮ್ಮ ತಂದೆತಾಯಿ ಕೇಳಲಿ, ಕೇಳಿದುದು ನಡವಳಿಯಲ್ಲಿ ಬಂದಿತೇ ಎಂದು ನೋಡಲಿ. ಅರ್ಜಿ ಬರೆಯುವಾಗ ಕಾಗುಣಿತ ತಪ್ಪದಂತೆ ನೋಡಿಕೊ. ತಪ್ಪಿದರೆ ನನ್ನ ಬಳಿಗೆ ಬಾ.”